ದಾಮರಿಯ ಉಡಿಕಿ

ಇಳಕಲ್ಲ
ತಾ. ೧೨ ಜನವರಿ ೧೯೦೯

ಗೆಳತಿ ರೂತವ್ವಗ ಶಂಕ್ರಿಯ ಶರಣು.

ನಾನೂ ನನ್ನ ಮಗಳು ಚನ್ನಿನೂ ಅರಾಮ ಅದೇವಿ. ನೀನೂ ಬದಾಮ್ಯಾಗ ಸಾಲಿ ಹುಡುಗ್ಯಾರ ಮ್ಯಾಲ ಒದರಿ ಒದರಿ ಗಂಟಲ ಕೆಡಿಸಿಕೊಳ್ಳದ ಅರಾಮ ಇದ್ದೀ ಅಂತ ತಿಳದೇನಿ.

ನೂಲಿನ ವ್ಯಾಪಾರಿ ಮುರ್ತುಜಸಾಬ ನೀ ಕೊಟ್ಟ ಪುಸ್ತಕ ತಂದು ಮುಟ್ಟಿಸಿದ. ಮೊದಲಿನ ನಾಕು ಹಾಳಿ ಗೆದ್ದಲು ತಿಂದಾವ, ಇರ್ಲಿ. ಯಾವ್ವಾ, ಎಂಥಾ ಕತಿ ಕಳಿಸೀಯ! ಮಿಶನ್ ಸಾಲ್ಯಾಗ ನಾವಿಬ್ಬರೂ ಒಂದ ಮಣಿ ಮ್ಯಾಲ ಕುಂತು ಓದಿದ್ದು ಇಷ್ಟು ವರ್ಷದ ಮ್ಯಾಲ ಉಪಯೋಗಕ್ಕ ಬಂತು ನೋಡು. ನಮ್ಮ ಮನ್ಯಾಗ ಮಧ್ಯಾಹ್ನ ಹೆಂಗಸರೆಲ್ಲಾ ಕೂಡಿ ರಾಟಿ ಮುಂದ ಕುಂತು ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತತೇವಿ. ಒಂದಿನ ನಾ ಮೆಲ್ಲಕ ಓದಾಕ ಸುರು ಮಾಡಿದ್ನಿ. ನೆಗೆಣ್ಣಿ ಇಂದ್ರವ್ವ "ಏನ ಗುಣುಗುಣು ಹಚ್ಚೀಯ, ಜ್ವರಾ ಬಂದಾವೇನು?" ಅಂದಳು. ಎರಡು ಹಾಳಿ ಕೇಳಿದಳು. ಮೂರನೇದಕ್ಕ ಆಕಿ ರಾಟಿ ನಿಂತ ಬಿಡ್ತು. ಈಗ ಓಣಿ ಹೆಂಗಸರೆಲ್ಲಾ ತಮ್ಮ ತಮ್ಮ ರಾಟಿ ಹೊತಗೊಂಡು ನಮ್ಮ ಪಡಸಾಲಿಗೇ ಬರ್ತಾರ.

ಆ ಕತ್ಯಾಗಿನ ರೋಮಾಪುರದ ದಾಮರಿ ಅಂದರ ಎಲ್ಲಾರಿಗೂ ಜೀವ. ಆ ಯೂಲಿಯ ಸರದಾರ ಆಕಿ ಬಾಗಿಲಿಗೆ ಬಂದು ಮಾತಾಡದ ತಿರುಗಿ ಹೋಗತಾನಲ್ಲ, ಅಲ್ಲಿ ಇಂದ್ರವ್ವ ಸಿಟ್ಟಿಗೆದ್ದು, "ಬಾಯಾಗ ಏನ್ ರೊಟ್ಟಿ ಇಟಗೊಂಡಾನ? ಹೇಳಬಾರದ?" ಅಂತ ಒದರಿದಳು. ನಾ ನಕ್ಕೆ ನಕ್ಕೆ, ಆಮ್ಯಾಲ ಅತ್ನಿ. ಗಂಡ ಸತ್ತು ಮೂರು ವರ್ಷದಾಗ ಈ ಮನ್ಯಾಗ ನನ್ನ ದನಿ ಯಾರಿಗೂ ಬೇಕಾಗಿದ್ದಿಲ್ಲ. ಈಗ "ಓದ ಶಂಕ್ರವ್ವ, ಓದು" ಅಂತಾರ. ಇಂದ್ರವ್ವನ ಗಂಡ, ನನ್ನ ಭಾವ ಬಂಡೆಪ್ಪನೂ ಮಗ್ಗದ ಕುಣ್ಯಾಗ ಕುಂತಲ್ಲೇ ಕಿವಿ ಕೊಟ್ಟಿರತಾನ, ಲಾಳಿ ಸಪ್ಪಳ ಸಣ್ಣದು ಮಾಡತಾನ.

ಎರಡನೇ ಭಾಗ ಲಗೂ ಕಳಿಸು. ಇಲ್ಲಂದರ ಓಣಿಯವರು ನನ್ನ ಕೊಲ್ಲತಾರ.

ನಿನ್ನ
ಶಂಕ್ರಿ

*

ಬದಾಮಿ
ತಾ. ೩೦ ಜನವರಿ ೧೯೦೯

ಪ್ರಿಯ ಶಂಕ್ರೀ,

ಕರ್ತನು ನಿನ್ನನ್ನೂ ಚನ್ನಿಯನ್ನೂ ಕಾಯಲಿ.

ನಿನ್ನ ಪತ್ರ ಓದಿ ನನಗ ಭಾಳ ಹಿಗ್ಗಾತು. ನಮ್ಮ ಮಿಶನ್ ಸಾಲಿ ದೊರಸಾನಿಯವರಿಗೂ ಓದಿ ಹೇಳಿದೆ. ನೀ ಅತ್ತೀ ಅಂದದ್ದಕ್ಕ ಅವರು ಕಣ್ಣು ಮುಚ್ಚಿ ಪ್ರಾರ್ಥನಾ ಮಾಡಿದರು. ಆದರ ಶಂಕ್ರೀ, ನೀ ಅದನ್ನ ಬರೇ ಕತಿ ಅಂತೀ. ಅದು ವಿಶ್ವಾಸದ ಸಾಕ್ಷಿ. ಎರಡನೇ ಭಾಗದಾಗ ನಾ ಕೆಂಪು ಪೆನ್ಸಿಲಿನಿಂದ ಗೀಟು ಎಳದೇನಿ, ಅಲ್ಲಿ ನಿಂತು ವಿಚಾರ ಮಾಡಿ ಓದು. ಯೂಲಿಯನ ಕುದುರಿ, ಯೂಲಿಯನ ಮೀಸಿ ಮ್ಯಾಲ ಅಷ್ಟು ಲಕ್ಷ್ಯ ಬ್ಯಾಡ. ನಾನಂತೂ ಬೋಧನೆಗಾಗಿ ಓದತೇನಿ.

ಜೋಡಿ ಒಂದು ಸಣ್ಣ ಪ್ರಾರ್ಥನಾ ಪುಸ್ತಕನೂ ಇಟ್ಟೇನಿ. ಚನ್ನಿಗೆ ಐದು ತುಂಬಿತಲ್ಲ? ಅಕ್ಷರ ತಿದ್ದಿಸು. ಗಂಡ ಮಕ್ಕಳಿಗಷ್ಟ ಸಾಲಿ ಅನ್ನೂ ಮಂದಿ ಮಾತು ಕೇಳಬ್ಯಾಡ.

ನಿನ್ನ
ರೂತವ್ವ

*

ಇಳಕಲ್ಲ
ತಾ. ೩ ಮಾರ್ಚ್ ೧೯೦೯

ರೂತವ್ವಾ,

ಖರೇ ಹೇಳತೇನಿ, ಸಿಟ್ಟಾಗಬ್ಯಾಡ. ನೀ ಕೆಂಪು ಗೀಟು ಎಳದ ಕಡೆ ನಮಗ್ಯಾರಿಗೂ ಅಳು ಬರಲಿಲ್ಲ. ಗೀಟಿಲ್ಲದ ಕಡೆ ಎಲ್ಲಾರೂ ಹೋ ಅಂತ ಅತ್ತಾರ. ದಾಮರಿ ಯೂಲಿಯರ ಲಗ್ನದ ಅಧ್ಯಾಯಕ್ಕ ನೀ ಒಂದ ಗೀಟೂ ಎಳದಿಲ್ಲ. ಅದನ್ನ ನಾ ನಾಕು ಸಲ ಓದೇನಿ, ಒಬ್ಬಾಕೇ ಅಟ್ಟದ ಮ್ಯಾಲ ಕುಂತು.

ನೀ ನನಗ ಮೊದಲ ಯಾಕ ಹೇಳಲಿಲ್ಲ, ದಾಮರಿ ನನ್ನಂಥಾಕಿ ಅಂತ? ನನಗ ಮೊದಲನೇ ಭಾಗದಾಗೇ ಸಂಶೇ ಇತ್ತು. ಹರೇದ ಹೆಣಮಗಳು, ಕೊರಳಾಗ ಒಂದು ಮಣಿ ಇಲ್ಲ, ಕೈಯಾಗ ಬಳಿ ಇಲ್ಲ, ತಲ್ಯಾಗ ಹೂವಿಲ್ಲ. ಕೈ ಹಿಡಕೊಂಡು ಒಂದು ಸಣ್ಣ ಹೆಣಗೂಸು. ಈಗ ಎರಡನೇ ಭಾಗದಾಗ ಎಲ್ಲಾ ಬಯಲಾತು. ರಾತ್ರಿ ಲಗ್ನ. ನೆಲದ ಕೆಳಗಿನ ಗವ್ಯಾಗ, ಯಾರೂ ನೋಡಧಂಗ. ವಾಲಗ ಇಲ್ಲ, ಹಂದರ ಇಲ್ಲ, ಅರಿಷಿಣ ಇಲ್ಲ. ಮೈಮ್ಯಾಲ ಬರೇ ಬಿಳಿ ಅರಿವಿ. ಇದು ಉಡಿಕಿ ಅಲ್ಲದ ಮತ್ತೇನು? ನಮ್ಮ ನೇಕಾರ ಮಂದ್ಯಾಗ ಗಂಡ ಸತ್ತಾಕಿ ಎರಡನೇ ಮನಿ ಮಾಡೂದಾದರ ಹಿಂಗ ಅಲ್ಲೇನು, ಬಿಳಿ ಸೀರಿ ಉಡಿಸಿ, ಕತ್ತಲದಾಗ, ಮುತ್ತೈದೇರು ಮಾರಿ ನೋಡಬಾರದು ಅಂತ ಹಿಂದಿನ ಬಾಗಿಲಿಂದ ಕಳಿಸೂದು?

ಆದರ ರೂತವ್ವಾ, ಇಲ್ಲಿ ಉಡಿಕಿ ಅಂದರ ಕಳವಿನ ಕೆಲಸ ಇದ್ದಂಗ. ಅಲ್ಲಿ ಎಲ್ಲಾರೂ ದೀಪ ಹಿಡದು ನಿಂತು ಹಾಡತಾರ! ಮುದುಕರು ತಲಿ ಮ್ಯಾಲ ಕೈ ಇಡತಾರ! ಮುಗದ ಮ್ಯಾಲ ಯೂಲಿಯ ಏನ ಮಾಡತಾನ? ಆ ಕೂಸನ್ನ ಎತ್ತಿ ಹೆಗಲ ಮ್ಯಾಲ ಕುಂಡರಿಸಿಕೊಂಡು, "ಇವಳು ಇನ್ನು ನನ್ನ ಮನೆಯ ಬೆಳಕು" ಅಂತಾನ. ನಮ್ಮಲ್ಲಿ ಉಡಿಕಿ ಸೀರಿ ಉಟ್ಟಾಕಿ ಮೊದಲನೇ ಗಂಡನ ಮಕ್ಕಳನ್ನ ಆ ಮನ್ಯಾಗೇ ಬಿಟ್ಟು ಹೋಗಬೇಕು. ನಿನಗೂ ಗೊತ್ತೈತಿ. ಅದಕ್ಕ ನನ್ನ ತವರಿನವರು ಎಷ್ಟು ಸಲ ಉಡಿಕಿ ಮಾತು ಎತ್ತಿದರೂ ನಾ ಒಲ್ಲೆ ಅಂದೇನಿ. ಗಂಡ ಇಲ್ಲದ ಇದ್ದೇನು, ಚನ್ನಿ ಇಲ್ಲದ ಹೆಂಗ ಇರ್ಲಿ?

ಪುಸ್ತಕದ ಮ್ಯಾಲ "ಪೂರ್ವಕಾಲದಲ್ಲಿ ನಿಜವಾಗಿ ನಡೆದದ್ದು" ಅಂತ ಅಚ್ಚು ಹಾಕ್ಯಾರ. ಒಂದೂರಾಗ ನಡದದ್ದು ಮತ್ತೊಂದೂರಾಗ ಯಾಕ ನಡೀಬಾರದು? ಏನಂತೀ ನೀ? ಲಗೂ ಬರಿ.

ಶಂಕ್ರಿ

*

ಇಳಕಲ್ಲ
ತಾ. ೧ ಏಪ್ರಿಲ್ ೧೯೦೯

ರೂತವ್ವಾ,

ತಿಂಗಳಾತು, ನಿನ್ನ ಉತ್ತರ ಇಲ್ಲ. ಕೆಂಪು ಗೀಟಿನ ಮಾತಿಗೆ ಸಿಟ್ಟಾಗೀ ಏನು? ಸಿಟ್ಟಾಗಿದ್ದರ ಬೈದಾದರೂ ಬರಿಬೇಕಿಲ್ಲ?

ನಾ ನಿನಗ ಒಂದು ಮಾತು ಮುಚ್ಚಿಟ್ಟಿದ್ನಿ. ಹುನಗುಂದದಾಗ ತಿಮ್ಮಣ್ಣ ಅಂತ ಒಬ್ಬ ನೇಕಾರ ಅದಾನ. ಹೇಂತಿ ತೀರಿಕೊಂಡು ಎರಡು ವರ್ಷ, ಮಕ್ಕಳಿಲ್ಲ. ಸಂಕ್ರಾಂತಿಯಿಂದ ಕೇಳಾಕ ಹತ್ಯಾನ. ನಾ ಒಲ್ಲೆ ಅಂತಿದ್ನಿ. ನಿನ್ನ ಪುಸ್ತಕ ಓದಿದ ಮ್ಯಾಲ ನನಗ ಧೈರ್ಯ ಬಂತು. ತವರಿನ ಅಣ್ಣನ ಮುಂದ ಹೇಳಿದ್ನಿ, "ಕೂಸು ನನ್ನ ಜೋಡಿ ಬರೂದಾದರ ಹೂಂ" ಅಂತ. ಅಣ್ಣ ಹೋಗಿ ಕೇಳಿದ. ತಿಮ್ಮಣ್ಣ, "ಬರ್ಲಿ ಬಿಡ್ರಿ, ಒಂದು ಕೂಸಿನ ರೊಟ್ಟಿ ನನಗೇನು ಭಾರೇನು?" ಅಂದನಂತ. ಆ ಮಾತು ಕೇಳಿ ನನಗ ಯೂಲಿಯನ ಹೆಗಲ ಕಂಡಂಗಾತು.

ಬಂಡೆಪ್ಪ ಭಾವನ್ನೂ ಕೇಳೇವಿ. ಅವ ಲಾಳಿ ನಿಲ್ಲಿಸಿದ. ಆಮ್ಯಾಲ, "ಆಗೂದು ಆಗ್ಲಿ, ಕೂಸಿನ ಮಾತು ಮುಂದ ನೋಡೋಣು" ಅಂದ. ಒಲ್ಲೆ ಅನ್ನಲಿಲ್ಲ ಅಂದರ ಹೂಂ ಅಂದಂಗ ಅಲ್ಲೇನು? ಅವನೂ ಮಗ್ಗದಾಗ ಕುಂತು ಎಲ್ಲಾ ಕತಿ ಕೇಳ್ಯಾನ.

ನಾಡದು ರಾತ್ರಿ ಉಡಿಕಿ. ಚನ್ನಿಗೆ ಹೇಳೇನಿ, "ಹುನಗುಂದಕ್ಕ ಹೋಗೂನು, ಅಲ್ಲಿ ನಿನಗ ಒಂದು ಸಣ್ಣ ರಾಟಿ ಮಾಡಿಸಿ ಕೊಡತಾರ" ಅಂತ. ಆಕಿ ತನ್ನ ಗೊಂಬಿ ಅರಿವಿ ಎಲ್ಲಾ ಗಂಟು ಕಟ್ಟಿ ಇಟ್ಟಾಳ. ರೂತವ್ವಾ, ನನಗ ಈ ವಯಸ್ಸಿನ್ಯಾಗ ನಾಚಿಕಿ ಬರಾಕ ಹತ್ತೇತಿ, ನಗಬ್ಯಾಡ.

ಶಂಕ್ರಿ

*

ಬದಾಮಿ
ತಾ. ೩ ಏಪ್ರಿಲ್ ೧೯೦೯

ಪ್ರಿಯ ಶಂಕ್ರೀ,

ತಡ ಆತು, ಬೈಬ್ಯಾಡ. ನಿನ್ನ ಮಾರ್ಚ್ ಮೂರನೇ ತಾರೀಖಿನ ಪತ್ರ ಬಂದ ದಿನಾನೇ ಉತ್ತರ ಬರಿಬೇಕಂತಿದ್ದೆ. ಬರಿಗೈಲೆ ಬರೀಬಾರದು, ಒಂದು ಖಾತ್ರಿ ಸುದ್ದಿ ಹಿಡಕೊಂಡೇ ಬರಿಯೋಣ ಅಂತ ತಡದೆ.

ಮೊದಲ ನಗು ಮುಗಿಸಿಬಿಡತೇನಿ. ಅಯ್ಯ ಹುಚ್ಚೀ! ದಾಮರಿ ಎಲ್ಲಿ, ಉಡಿಕಿ ಎಲ್ಲಿ! ಆಕಿ ಇನ್ನೂ ಲಗ್ನ ಆಗದ ಕನ್ನಿ. ನಮ್ಮ ಮಂದ್ಯಾಗ ಮದಲಗಿತ್ತಿ ಬಿಳೀದೇ ಉಡತಾಳ, ನೀ ನಮ್ಮವರ ಲಗ್ನ ಒಂದೂ ನೋಡಿಲ್ಲಲ್ಲ. ರಾತ್ರಿ ಯಾಕಂದರ ಕ್ರಿಸ್ತನ್ನ ನಂಬಿದವರನ್ನ ಹಿಡಿಯೂ ಬಾದಶಹಾನ ಸಿಪಾಯಿಗಳ ಅಂಜಿಕಿ. ಆ ಕೂಸು ಆಕಿ ತಂಗಿ, ತಾಯಿ ಸತ್ತ ತಂಗಿ. ಅದೆಲ್ಲಾ ಮೊದಲಿನ ಹಾಳ್ಯಾಗ ಇತ್ತು. ಗೆದ್ದಲು ತಿಂದದ್ದಕ್ಕ ನೀ ದಾಮರಿಗೆ ಒಬ್ಬ ಸತ್ತ ಗಂಡನ್ನ ಹುಟ್ಟಿಸಿಬಿಟ್ಟೀಯಲ್ಲ! ನಿನ್ನ ಪತ್ರ ಓದಿ ನಾ ಹೊಟ್ಟಿ ಹಿಡಕೊಂಡು ನಕ್ಕೆ.

ಈಗ ಸುದ್ದಿ ಕೇಳು. ನಮ್ಮ ಸಾಲಿ ಹುಡುಗ್ಯಾರು ಇರೂ ಮನ್ಯಾಗ ಅಡಿಗಿ ಉಸ್ತುವಾರಿಗೆ ಒಬ್ಬಾಕಿ ಬೇಕಾಗ್ಯಾಳ. ಓದಾಕ ಬಂದರ ಇನ್ನೂ ಛಲೋ. ನಾ ದೊರಸಾನಿಯವರ ಬೆನ್ನು ಹತ್ತಿ ಹತ್ತಿ ನಿನ್ನ ಹೆಸರು ಹೇಳಿದೆ. ನಿನ್ನೆ ಹೂಂ ಅಂದರು. ಮಗಳನ್ನೂ ಕರಕೊಂಡು ಬರಬಹುದು, ಅದನ್ನ ನಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇನಿ. ಜಾತಿ ಬಿಡು ಅಂತ ನಿನಗ ಯಾರೂ ಅನ್ನೂದಿಲ್ಲ, ಅನ್ನದಂಗ ನಾ ನೋಡಕೋತೇನಿ. ಚನ್ನಿ ನನ್ನ ವರ್ಗದಾಗ ಕೂಡತಾಳ. ಸಂಜೀಕ ನಾವಿಬ್ಬರೂ ಕೂಡಿ ಮೂರನೇ ಭಾಗ ಓದೂನು. ಖರೇ ಹೇಳತೇನಿ ಶಂಕ್ರೀ, ನಾನೂ ಬೋಧನೆಗಾಗಿ ಓದೂದಿಲ್ಲ. ಆ ಲಗ್ನದ ಅಧ್ಯಾಯ ನಾನೂ ಕದ್ದು ಓದತೇನಿ.

ಯಾವಾಗ ಹೊಂಡತೀ ಬರಿ.

ನಿನ್ನ
ರೂತವ್ವ

*

ಬದಾಮಿ
ತಾ. ೭ ಏಪ್ರಿಲ್ ೧೯೦೯

ಶಂಕ್ರೀ,

ನಿನ್ನ ಒಂದನೇ ತಾರೀಖಿನ ಪತ್ರ ಈಗ ಕೈ ಸೇರಿತು. ನನ್ನ ಪತ್ರ ನಿನಗ ಮುಟ್ಟಿತೋ ಇಲ್ಲೋ. ಏನಾದರೂ ಆಗಿ ಉಡಿಕಿ ಮುಂದ ಹೋಗಿದ್ದರ ಅಲ್ಲೇ ನಿಲ್ಲು. ಆಗಿಹೋಗಿದ್ದರ ಚನ್ನಿ ಕೈ ಬಿಡಬ್ಯಾಡ, ಕೂಸನ್ನ ಬಗಲಾಗ ಇಟಗೊಂಡೇ ಹೊಸ್ತಿಲಾ ದಾಟು. "ಮುಂದ ನೋಡೋಣು" ಅನ್ನೂ ಮಾತು ನಂಬಬ್ಯಾಡ. ಎರಡು ಅಕ್ಷರ ಬರಿ, ನಾನೇ ಗಾಡಿ ಮಾಡಿಕೊಂಡು ಬರ್ತೇನಿ.

ರೂತವ್ವ

*

ಬದಾಮಿ
ತಾ. ೨೦ ಜೂನ್ ೧೯೦೯

ಪ್ರಿಯ ಶಂಕ್ರೀ,

ಎರಡು ಪತ್ರಕ್ಕೂ ಉತ್ತರ ಇಲ್ಲ. ನಾ ನಕ್ಕದ್ದು ನಿನ್ನ ಮನಸಿಗೆ ಚುಚ್ಚಿರಬೇಕು. ಇಲ್ಲಾ, ಮಿಶನ್ ಮನಿಗೆ ಬಾ ಅಂದದ್ದಕ್ಕ ನಾ ನಿನ್ನ ಜಾತಿ ಕೆಡಸಾಕ ಹೊಂಟೇನಿ ಅಂತ ಮುನಿಸು. ಅಥವಾ ತಿಮ್ಮಣ್ಣನ ಮನ್ಯಾಗ ಅಷ್ಟು ಸುಖವಾಗಿ ಇದ್ದೀ, ಪತ್ರ ಬರೀಲಿಕ್ಕೆ ಹೊತ್ತೇ ಸಿಗೂದಿಲ್ಲ. ಇದೇ ಖರೆ ಇರ್ಲಿ ಅಂತ ದಿನಾ ಬೇಡಿಕೊಳ್ಳತೇನಿ. ಅಡಿಗಿ ಮನಿಗೆ ಬ್ಯಾರೇ ಹೆಣಮಗಳು ಬಂದಳು. ಮೂರನೇ ಭಾಗ ನಾ ಇನ್ನೂ ತಗದು ನೋಡಿಲ್ಲ.

ರೂತವ್ವ

*

ಹುನಗುಂದ
ತಾ. ೧೧ ಜುಲೈ ೧೯೦೯

ರೂತವ್ವಾ,

ನಿನ್ನ ಮೂರೂ ಪತ್ರ ಇಳಕಲ್ಲಿನ ಮನಿಗೇ ಹೋಗಿ, ನಿನ್ನೆ ಒಮ್ಮೆಲೇ ಮುಟ್ಟಿದವು. ಇಂದ್ರವ್ವ ಜಂತಿ ಸಂದ್ಯಾಗ ಇಟ್ಟಿದ್ದಳಂತ, ಗಂಡಗ ಗೊತ್ತಾಗದಂಗ ಮುರ್ತುಜಸಾಬನ ಕೈಯಾಗ ಕೊಟ್ಟು ಕಳಿಸ್ಯಾಳ. ಆಕಿ ಮ್ಯಾಲ ನನಗ ಸಿಟ್ಟಿಲ್ಲ. ನಿನ್ನ ಮ್ಯಾಲೂ ಇಲ್ಲ. ನೀ ನಕ್ಕದ್ದು ಓದಿ ನಾನೂ ನಗಾಕ ಹೋದ್ನಿ, ಆಗಲಿಲ್ಲ.

ಉಡಿಕಿ ಆತು. ಯಾರೂ ದೀಪ ಹಿಡೀಲಿಲ್ಲ, ಯಾರೂ ಹಾಡಲಿಲ್ಲ. ಇಬ್ಬರು ವಿಧವಿ ಮುದುಕೇರು ಬಂದು ಸೀರಿ ಉಡಿಸಿದರು. ಇಂದ್ರವ್ವ ಒಳಗ ಬಾಗಿಲಾ ಹಾಕಿಕೊಂಡು ಕುಂತಿದ್ದಳು, ಮುತ್ತೈದಿ, ನನ್ನ ಮಾರಿ ನೋಡಬಾರದಲ್ಲ. ದಿನಾ ನನ್ನ ಬಗಲಿಗೇ ಕುಂತು ಕತಿ ಕೇಳಿದಾಕಿ. ಚನ್ನಿ ಆಕಿ ಕೋಣ್ಯಾಗೇ ಮಲಗಿತ್ತು. ನಾ ಬಾಗಿಲಾ ಬಡದ್ನಿ. ಭಾವ ಹೊರಗಿಂದ, "ನಿದ್ದಿಗಣ್ಣಾಗಿನ ಕೂಸನ್ನ ಯಾಕ ಎಬ್ಬಸ್ತೀ? ಮುಂಜಾನೆ ಗಾಡ್ಯಾಗ ಕಳಸ್ತೇವಿ" ಅಂದ. ನಾ ನಂಬಿದ್ನಿ. ಹಿಂದಿನ ಬಾಗಿಲಿಂದ ಬಂದ್ನಿ.

ಗಾಡಿ ಬರಲಿಲ್ಲ. ತಿಮ್ಮಣ್ಣ ತಾನೇ ಹೋದ. ಅವನ ಬಗ್ಗೆ ಕೆಟ್ಟ ತಿಳೀಬ್ಯಾಡ ರೂತವ್ವಾ, ಭಾಳ ಛಲೋ ಮನಿಷ್ಯಾ. ಭಾವ ಅವನ ಮಾರಿ ಮ್ಯಾಲೇ ಅಂದನಂತ, "ಸೀರಿ ಉಟ್ಟಾಕಿ ಸೀರಿ ಉಟಗೊಂಡು ಹೋದಳು, ಮುಗೀತು. ಕೂಸು ನನ್ನ ತಮ್ಮನ ರಕ್ತ." ತಿಮ್ಮಣ್ಣ ಕುಲದ ಹಿರೇರನ್ನ ಕೂಡಿಸಿದ. ಅವಾಗ ನಾ ಒಂದು ಕೆಲಸ ಮಾಡಿದ್ನಿ. ಪುಸ್ತಕದಾಗ ಆ ಹಾಳಿ ಮಡಚಿ ಅವನ ಕೈಯಾಗ ಕೊಟ್ಟು, "ಹಿರೇರಿಗೆ ಇದನ್ನ ತೋರಿಸು, ಹಿಂದಕ ಹಿಂಗ ನಡದೈತಿ, ಅಚ್ಚಿನ್ಯಾಗ ಐತಿ" ಅಂದ್ನಿ. ಪಾಪ, ಅವಗ ಓದಾಕ ಬರೂದಿಲ್ಲ. ದೇವರ ಪ್ರಸಾದ ಹಿಡದಂಗ ಎರಡೂ ಕೈಲೆ ಹಿಡಕೊಂಡು ಹೋದ.

ಒಬ್ಬ ಹಿರ್ಯಾ ಓದಿ ನೋಡಿದ. "ಇದು ಕಿರಿಸ್ತಾನರ ಪುಸ್ತಕ" ಅಂದ. ಅಲ್ಲಿಗೆ ಮುಗೀತು. ಅಲ್ಲೀತನಕ ಇಬ್ಬರು ಹಿರೇರು, "ಸಣ್ಣ ಕೂಸು, ವರ್ಷೊಪ್ಪತ್ತು ತಾಯಿ ಹಂತ್ಯಾಕ ಇರ್ಲಿ ಬಿಡ್ರಿ" ಅನ್ನಾಕ ಹತ್ತಿದ್ದರಂತ. ಪುಸ್ತಕ ನೋಡಿದ ಮ್ಯಾಲ ಅವರೂ ತಿರುಗಿದರು. ಆ ಹೆಂಗಸು ಕೂಸನ್ನ ಪಾದ್ರಿಗೆ ಕೊಡತಾಳ, ಆಕಿ ನೆಳ್ಳೂ ಕೂಸಿನ ಮ್ಯಾಲ ಬೀಳಬಾರದು ಅಂದರಂತ. ಕೂಸನ್ನ ನನಗ ತೋರಿಸೂದೂ ಇಲ್ಲಂತ ಭಾವ ಬನಶಂಕರಿ ಮ್ಯಾಲ ಆಣಿ ಮಾಡ್ಯಾನ.

ನಾ ಓದಲಿಲ್ಲಂದಿದ್ದರ ಉಡಿಕಿ ಉಡತಿದ್ದಿಲ್ಲ. ಉಟ್ಟರೂ ಪುಸ್ತಕ ಕಳಿಸಲಿಲ್ಲಂದಿದ್ದರ ನನ್ನ ಕೂಸು ಸಿಗತಿತ್ತೇನೋ. ಇಲ್ಲಿಂದ ಇಳಕಲ್ಲಿಗೆ ಮುಂಜಾನೆ ಹೊಂಟರ ಉಣ್ಣೂ ಹೊತ್ತಿಗೆ ಮುಟ್ಟಬಹುದು, ಅಷ್ಟ ದೂರ. ನಾ ಎರಡು ಸಲ ಹೋಗಿದ್ನಿ. ಓಣಿ ಬಾಯಿಗೇ ತಡದು ಕಳಿಸಿದರು. ಮೊದಲ "ಓದ ಶಂಕ್ರವ್ವ" ಅಂತಿದ್ದ ಹೆಂಗಸರೇ.

ನೀ ಸಾಲಿ ಕಲಸೂ ಬಾಯಿ. ನಿನ್ನ ಯಾರೂ ತಡಿಯೂದಿಲ್ಲ. ಸೀರಿ ಕೊಳ್ಳೂ ನೆವದಲೆ ಒಮ್ಮೆ ಹೋಗಿ ನೋಡಿ ಬಾ. ಉಂಡಾಳೋ, ತಲಿ ಹಿಕ್ಕತಾರೋ, ಅಷ್ಟು ಬರಿ.

ಶಂಕ್ರಿ

*

ಬದಾಮಿ
ತಾ. ೫ ಅಕ್ಟೋಬರ್ ೧೯೦೯

ಶಂಕ್ರೀ,

ಹೋಗಿ ಬಂದೆ. ಸಾಲಿ ರಜೆ ಬೀಳೂತನಕ ನನಗ ಬಿಡುವು ಸಿಗಲಿಲ್ಲ.

ಬಂಡೆಪ್ಪ ನೂಲು ತರಾಕ ಬಾಗಲಕೋಟಿಗೆ ಹೋಗಿದ್ದ. ಇಂದ್ರವ್ವ ನನ್ನ ಗುರುತು ಹಿಡದಳು ಅನಸ್ತದ, ಆದರೂ ಕೂಡಾಕ ಮಣಿ ಕೊಟ್ಟಳು. ಚನ್ನಿ ರಾಟಿ ಮುಂದ ಕುಂತಿತ್ತು. ಮೈಯಾಗ ಚಂದ ಆಗ್ಯಾಳ. ತಲಿಗೆ ಎಣ್ಣಿ ಹಚ್ಚಿ ಎರಡು ಹೆಳಲು ಹಾಕ್ಯಾರ, ಅರಿವಿ ಸ್ವಚ್ಛ ಇತ್ತು. ಇಂದ್ರವ್ವ ತನ್ನ ತಾಟಿನ್ಯಾಗೇ ಕೂಡಿಸಿಕೊಂಡು ಉಣಿಸಿದ್ದು ನಾ ಕಣ್ಣಾರೆ ನೋಡೇನಿ. ಆ ಮಾತಿಗೆ ನೀ ಚಿಂತಿ ಬಿಡು.

ನಾ ಒಂದು ಕತಿ ಹೇಳಿದೆ. ನಿನ್ನಂಗೇ ಬಾಯಿ ತಗದು ಕೇಳತಾಳ, ಕೇಳೂ ಮುಂದ ಕೈ ನಿಲ್ಲತದ. ಮುಗದ ಮ್ಯಾಲ, "ಇನ್ನೊಂದು ಹೇಳ್ರಿ" ಅಂದಳು. "ನಮ್ಮವ್ವಗೂ ಭಾಳ ಕತಿ ಬರ್ತಿದ್ದವು" ಅಂದಳು. ನಾ ತಡೀಲಾರದ, "ನಿಮ್ಮವ್ವ ಎಲ್ಲದಾಳ?" ಅಂತ ಕೇಳಿಬಿಟ್ಟೆ. "ಸತ್ತಾಳ್ರಿ. ಪಿಳೇಗಿನ ಬ್ಯಾನಿ ಬಂದಿತ್ತಂತ, ರಾತ್ರ್ಯಾಗ ಒಯ್ದರಂತ" ಅಂದಳು. ಮಕ್ಕಳು ಸಾಲಿ ಪಾಠ ಹೇಳತಾವಲ್ಲ, ಹಂಗ ಅಂದಳು. ಇಂದ್ರವ್ವ ಎದ್ದು ಒಳಗ ಹೋದಳು.

ನಾ ಅಲ್ಲೇ ಖರೇ ಹೇಳಬೇಕಂತಿದ್ದೆ, ಆದರ ನಿನ್ನ ಕೇಳದ ಹೇಳಬಾರದು ಅನಿಸಿತು. ತಿಂಗಳಿಗೊಮ್ಮೆ ಬಂದು ಕತಿ ಹೇಳತೇನಿ ಅಂದೇನಿ, ಇಂದ್ರವ್ವ ಬ್ಯಾಡ ಅನ್ನಲಿಲ್ಲ. ಇಂಥಾ ಸುಳ್ಳು ಕೂಸಿನ ಎದ್ಯಾಗ ಬೆಳೀಬಾರದು ಶಂಕ್ರೀ, ಅದು ಪಾಪ. ನೀ ಬರೇ ಹೂಂ ಅನ್ನು. ಮುಂದಿನ ಸಲ ಆಕಿನ್ನ ಬಾಜೂಕ ಕರದು, ನಿಮ್ಮವ್ವ ಹುನಗುಂದದಾಗ ಜೀವಂತ ಅದಾಳ ಅಂತ ಹೇಳಿಬಿಡತೇನಿ. ದೊಡ್ಡಾಕಿ ಆದ ಮ್ಯಾಲ ತಾನೇ ನಡಕೋತ ಬರ್ತಾಳ.

ನಿನ್ನ
ರೂತವ್ವ

*

ಹುನಗುಂದ
ತಾ. ೧೯ ಅಕ್ಟೋಬರ್ ೧೯೦೯

ರೂತವ್ವಾ,

ನಿನ್ನ ಪತ್ರ ತಿಮ್ಮಣ್ಣಗ ಓದಿ ಹೇಳಿದ್ನಿ. ಎರಡು ಹೆಳಲು ಅನ್ನೂದನ್ನ ಮತ್ತ ಮತ್ತ ಓದು ಅಂದ. ಆಮ್ಯಾಲ ಮಗ್ಗಕ್ಕ ಹೋಗಿ ಕುಂತ, ನೇಯಲಿಲ್ಲ.

ಹೇಳಬ್ಯಾಡ.

ನಾ ನಾಕು ದಿನ ವಿಚಾರ ಮಾಡೇನಿ. ಸತ್ತಾಳ ಅಂದರ ಆಕಿ ಅತ್ತು ಮರೀತಾಳ. ಬದಕ್ಯಾಳ ಅಂದರ ಮೊದಲನೇ ಮಾತು ಏನ ಕೇಳತಾಳ ಹೇಳು? "ಮತ್ತ ನನ್ನ ಯಾಕ ಬಿಟ್ಟು ಹೋದಳು?" ಅಂತ ಕೇಳತಾಳ. ಅದಕ್ಕ ನೀ ಏನ ಹೇಳತೀ? ಬಿಳಿ ಸೀರಿ ಅನ್ನತೀ? ಪುಸ್ತಕ ಅನ್ನತೀ? ಐದು ವರ್ಷದ ಕೂಸಿಗೆ ಅದರಾಗ ಒಂದೂ ತಿಳಿಯೂದಿಲ್ಲ. ತಿಳಿಯೂದು ಒಂದ, ಅವ್ವ ಬ್ಯಾರೇ ಗಂಡನ ಸಲುವಾಗಿ ತನ್ನ ಬಿಟ್ಟಳು ಅಂತ. ಓಣಿಯವರು ಅದನ್ನ ದಿನಾ ಆಕಿ ಕಿವ್ಯಾಗ ಊದತಾರ. ಸತ್ತ ಅವ್ವಗ ಯಾರೂ ಬೈಯೂದಿಲ್ಲ. ಸತ್ತ ಅವ್ವ ಕತಿ ಹೇಳತಿದ್ದಳು ಅಂತ ನೆನಸತಾಳಲ್ಲ, ನನಗ ಅಷ್ಟ ಸಾಕು. ಪಾಪ ಬಂದರ ನನಗ ಬರ್ಲಿ, ನಿಮ್ಮ ದೇವರ ಮುಂದ ನನ್ನ ಹೆಸರು ಹೇಳು.

ಇನ್ನ ಮ್ಯಾಲ ನಾ ಇಳಕಲ್ಲಿಗೆ ಹೋಗೂದಿಲ್ಲ. ಯಾರರ ಕಂಡು ಆಕಿ ಮುಂದ ಹೇಳ್ಯಾರು.

ನೀ ಮಾತ್ರ ಬಿಡಬ್ಯಾಡವ್ವಾ, ತಿಂಗಳಾ ತಿಂಗಳಾ ಹೋಗು. ಮಳಿ ಇರ್ಲಿ, ಬ್ಯಾಸಗಿ ಇರ್ಲಿ. ಕತಿ ಹೇಳು, ಆಮ್ಯಾಲ ಮೆಲ್ಲಕ ಅಕ್ಷರ ಕಲಿಸು. ಸಣ್ಣದಿದ್ದಾಗ ಕತಿ ನಡಬರಕ ನಿಲ್ಲಿಸಿದರ ಅಳತಿತ್ತು, ಅದಕ್ಕ ಹೊತ್ತಾದರೂ ಮುಗಿಸಿಯೇ ಏಳು. ಒಂದಿಲ್ಲೊಂದು ದಿನ ಆಕಿ ಕೇಳತಾಳ, ನನ್ನ ಮಗಳು ಶಾಣ್ಯಾ ಅದಾಳ, ಕೇಳೇ ಕೇಳತಾಳ, ಬಾಯಿ, ನೀವು ಅಷ್ಟು ದೂರಿಂದ ಯಾಕ ಬರ್ತೀರಿ, ನಿಮ್ಮನ್ನ ಯಾರು ಕಳಸ್ತಾರ ಅಂತ.

ಯಾರೂ ಇಲ್ಲ ಅನ್ನು.

ಶಂಕ್ರಿ